ಪಾನಾ ಹಿಡಿಯುವ ಮೊದಲು ಊರು ಕೇಳು

ಮಸ್ಕಿಯಲ್ಲಿ ಹೊಸದಾಗಿ ಶೆಡ್ ಹಾಕಿರುವ ತಮ್ಮನಿಗೆ ಸಿಂಧನೂರಿನಿಂದ ಕಾಕಾನ ಆಶೀರ್ವಾದಗಳು.

ನೀನು ಫೋನಿನಲ್ಲಿ ಕೇಳಿದ್ದಕ್ಕೆ ಫೋನಿನಲ್ಲೇ ಹೇಳಿ ಮುಗಿಸಬಹುದಿತ್ತು. ಆದರೆ ಮಿನಿ ಟ್ರ್ಯಾಕ್ಟರ್ ಲಿಫ್ಟಿನ ತಕರಾರು ನಿನ್ನೊಬ್ಬನದಲ್ಲ. ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ರಸ್ತೆಯುದ್ದಕ್ಕೂ ಕೂತಿರುವ ನಿನ್ನ ವಾರಿಗೆಯ ಹುಡುಗರು ಅದನ್ನೇ ಕೇಳುತ್ತಾರೆ. ಗಿರಾಕಿ ಬಂದು “ಲಿಫ್ಟ್ ಏಳವಲ್ದು” ಅಂದ ಕೂಡಲೇ ಸೀಟು ಬಿಚ್ಚಿ ಲಿಫ್ಟ್ ಕವರ್‌ಗೆ ಕೈ ಹಾಕುತ್ತಾರೆ. ಎಲ್ಲರೂ ಓದಲಿ ಎಂದೇ ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಗಾಡಿ ಬಂದಾಗ ಮೊದಲು ಕೇಳಬೇಕಾದ್ದು ಊರು. ಯಾವ ಊರು, ಯಾವ ಹೊಲ, ಕಳೆದ ವಾರ ಏನು ಕೆಲಸ ಮಾಡಿತು. ನಿನ್ನ ಶೆಡ್‌ಗೆ ಎರಡು ದಿಕ್ಕಿನಿಂದ ಗಾಡಿ ಬರುತ್ತವೆ, ಎರಡರ ರೋಗವೂ ಬೇರೆ. ಒಂದು ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೆಲ್ಲಿನ ಗದ್ದೆ. ಇನ್ನೊಂದು ಕಡೆ ಲಿಂಗಸುಗೂರಿನ ಮಸಾರಿ, ಕಲ್ಲು, ತೊಗರಿ, ಸಜ್ಜೆ. (ನಾರಾಯಣಪುರ ಬಲದಂಡೆಯ ನೀರು ಹರಿದ ಹಳ್ಳಿಗಳನ್ನು ನೀನು ಗದ್ದೆಯ ಲೆಕ್ಕಕ್ಕೇ ಸೇರಿಸಿಕೋ.)

ಗದ್ದೆಯ ಗಾಡಿಗೆ ನೀರಿನ ರೋಗ. ನಾಟಿಗೆ ಮುಂಚೆ ಕೇಜ್ ವೀಲ್ ಹಾಕಿಕೊಂಡು ದಿನವಿಡೀ ಆಕ್ಸಲ್ ಮುಳುಗುವ ಕೆಸರಿನಲ್ಲಿ ತಿರುಗಿರುತ್ತದೆ. ಹೌಸಿಂಗ್ ಕಾದಿರುತ್ತದೆ, ಅದು ತಣ್ಣನೆಯ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಸವೆದ ಆಕ್ಸಲ್ ಸೀಲ್, ಹರಿದ ಗೇರ್ ಲಿವರ್ ರಬ್ಬರ್, ಮುಚ್ಚಳ ಬಿದ್ದುಹೋದ ಬ್ರೀದರ್ ಇದ್ದರೆ ಸಾಕು. ಸಾಲದ್ದಕ್ಕೆ ಸಂಜೆ ವಾಟರ್ ಸರ್ವೀಸ್‌ನವರು ಜೋರಾದ ನೀರನ್ನು ನೇರವಾಗಿ ಡಿಪ್‌ಸ್ಟಿಕ್ ಮೇಲೇ ಬಿಡುತ್ತಾರೆ. ಮಿನಿ ಟ್ರ್ಯಾಕ್ಟರ್‌ಗಳಲ್ಲಿ ಬಹುಪಾಲು ಗೇರ್ ಬಾಕ್ಸಿಗೂ ಹೈಡ್ರಾಲಿಕ್‌ಗೂ ಒಂದೇ ಆಯಿಲ್. ಎಷ್ಟೋ ಗಾಡಿಗಳಲ್ಲಿ ಬ್ರೇಕ್ ಕೂಡ ಅದರಲ್ಲೇ ಮುಳುಗಿರುತ್ತದೆ. ನೀರು ಎಲ್ಲಿಂದ ಹೊಕ್ಕರೂ ಮೂರಕ್ಕೂ ತಗಲುತ್ತದೆ.

ಡಿಪ್‌ಸ್ಟಿಕ್ ಎತ್ತಿ ನೋಡು. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಅದು ನೀರೂ ಇರಬಹುದು, ಬರೀ ಗಾಳಿಯೂ ಇರಬಹುದು. ಇಲ್ಲಿಯೇ ಬಹಳ ಮಂದಿ ಎಡವುವುದು. ಒಂದು ಗಾಜಿನ ಬಾಟಲಿಗೆ ಆಯಿಲ್ ಹಿಡಿದು ನೆರಳಲ್ಲಿ ಇಡು. ಗಾಳಿಯಾದರೆ ಸ್ವಲ್ಪ ಹೊತ್ತಿಗೆ ತಳದಿಂದ ತಿಳಿಯಾಗುತ್ತ ಬರುತ್ತದೆ, ಗುಳ್ಳೆ ಮೇಲೆ ಸೇರುತ್ತವೆ. ನೀರಾದರೆ ಬಣ್ಣ ಹಾಗೇ ನಿಲ್ಲುತ್ತದೆ, ಬೆಳಗಾಗುವುದರೊಳಗೆ ತಳದಲ್ಲಿ ನೀರಿನ ಗೆರೆ ಕಂಡರೂ ಕಂಡೀತು. ಬೆಳಗಿನವರೆಗೆ ಕಾಯಲು ಗಿರಾಕಿ ಬಿಡದಿದ್ದರೆ ಕಾದ ಕಬ್ಬಿಣದ ತಗಡಿನ ಮೇಲೆ ಒಂದು ಹನಿ ಬಿಡು, ಮುಖ ದೂರ ಇಟ್ಟುಕೊಂಡು. ನೀರಿದ್ದರೆ ಚಟಪಟ ಸಿಡಿಯುತ್ತದೆ. ಇಲ್ಲದಿದ್ದರೆ ಸುಮ್ಮನೆ ಹರಡಿ ಹೊಗೆಯಾಡುತ್ತದೆ.

ಗಾಳಿಯಾದರೆ ಪಂಪು ಎಲ್ಲೋ ಗಾಳಿ ಕುಡಿಯುತ್ತಿದೆ ಎಂದರ್ಥ: ಆಯಿಲ್ ಕಡಿಮೆ ಇದೆ, ಇಲ್ಲವೇ ಸಕ್ಷನ್ ಪೈಪಿನ ಓ-ರಿಂಗ್ ಸತ್ತಿದೆ. ನೀರಾದರೆ ಸೀಲ್ ಬದಲಿಸದೆ ಆಯಿಲ್ ಬದಲಿಸಬೇಡ. ಹೊಸ ಆಯಿಲ್ ಮುಂದಿನ ಗದ್ದೆಯಲ್ಲಿ ಮತ್ತೆ ಅದೇ ಬಣ್ಣಕ್ಕೆ ಬರುತ್ತದೆ, ಹೆಸರು ಕೆಡುವುದು ನಿನ್ನದು. ನೀರು ಕುಡಿದ ಗಾಡಿಯನ್ನು ಹಾಗೇ ಶೆಡ್‌ನಲ್ಲಿ ನಿಲ್ಲಿಸಿದರೆ ಇನ್ನೂ ಕೆಡುಕು. ಎರಡನೇ ಬೆಳೆಗೆ ಕಾಲುವೆ ನೀರು ಬಿಡದ ವರ್ಷ ನಮ್ಮ ಕಡೆ ಗಾಡಿಗಳು ತಿಂಗಳುಗಟ್ಟಲೆ ನಿಲ್ಲುತ್ತವೆ. ಅಷ್ಟರಲ್ಲಿ ಕಂಟ್ರೋಲ್ ವಾಲ್ವಿನ ಸ್ಪೂಲ್ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ.

ಲಿಂಗಸುಗೂರಿನ ಗಾಡಿಗೆ ಧೂಳಿನ ರೋಗ. ಬ್ರೀದರ್ ಮುಚ್ಚಿಹೋಗಿರುತ್ತದೆ, ಸಕ್ಷನ್ ಜಾಲರಿ ಕಟ್ಟಿರುತ್ತದೆ, ಪಂಪು ಕುಂಯ್ ಎಂದು ಅಳುತ್ತದೆ. ಈ ಧೂಳು ಹೊಕ್ಕ ದಾರಿ ಸಾಮಾನ್ಯವಾಗಿ ಟ್ರಾಲಿ. ಗರಸು ಹೊಡೆಯುವ ಟಿಪ್ಪಿಂಗ್ ಟ್ರಾಲಿಯ ಪೈಪ್ ಕಪ್ಲಿಂಗ್‌ಗೆ ಮುಚ್ಚಳ ಇರುವುದನ್ನು ನೀನು ಅಪರೂಪಕ್ಕೆ ನೋಡೀಯ. ನೆಲಕ್ಕೆ ಬಿದ್ದ ಕಪ್ಲಿಂಗನ್ನು ಅಂಗಿಯ ತುದಿಗೆ ಒರೆಸಿ ಚುಚ್ಚುತ್ತಾರೆ. ಮೇಲಾಗಿ ಒಂದೇ ಟ್ರಾಲಿ ಇಂದು ಒಬ್ಬರ ಗಾಡಿಗೆ, ನಾಳೆ ಅಳಿಯನ ಗಾಡಿಗೆ. ಟ್ರಾಲಿ ಎತ್ತುವ ಜಾಕಿಯೊಳಗಿನ ಹೊಲಸು ಆಯಿಲ್ ಗಾಡಿಯಿಂದ ಗಾಡಿಗೆ ಸಾಗುತ್ತದೆ. ಆಯಿಲ್ ಮಟ್ಟ ನೋಡುವಾಗಲೂ ಟ್ರಾಲಿ ನೆನಪಿರಲಿ: ಗಾಡಿ ಸಮತಟ್ಟಾಗಿ ನಿಂತಿರಬೇಕು, ಲಿಫ್ಟ್ ಕೆಳಗಿರಬೇಕು, ಟ್ರಾಲಿ ಇಳಿದಿರಬೇಕು. ಜಾಕಿ ಮೇಲಿದ್ದರೆ ಆಯಿಲ್ ಅದರಲ್ಲಿದೆ. ನೀನು ಕಡಿಮೆ ಎಂದು ತಿಳಿದು ಸುರಿಯುತ್ತೀಯ.

ಊರು ಕೇಳಿದ ಮೇಲೆ ಲಿವರ್ ನೋಡು. ನನ್ನ ಬಳಿ ಬರುವ ತಕರಾರುಗಳಲ್ಲಿ ಎಷ್ಟೋ ಅಲ್ಲಿಗೇ ಮುಗಿಯುತ್ತವೆ. “ಲಿಫ್ಟ್ ಇಳಿಯವಲ್ದು” ಎಂದು ಬಂದ ಗಾಡಿಯಲ್ಲಿ ಸೀಟಿನ ಕೆಳಗಿನ ರೆಸ್ಪಾನ್ಸ್ ನಾಬ್ ಪೂರ್ತಿ ಬಿಗಿದಿರುತ್ತದೆ, ಮಗು ಆಡಿರುತ್ತದೆ ಅಥವಾ ತೊಳೆಯುವವನು ತಿರುಗಿಸಿರುತ್ತಾನೆ. ಕೆಲವು ಮಾಡೆಲ್‌ಗಳಲ್ಲಿ ಪಂಪಿಗೆ ಪಿಟಿಒ ಕಡೆಯಿಂದ ತಿರುಗು ಬರುತ್ತದೆ, ಕ್ಲಚ್ ಪೂರ್ತಿ ತುಳಿದರೆ ಲಿಫ್ಟ್ ನಿಲ್ಲುತ್ತದೆ. ಅದು ರಿಪೇರಿಯಲ್ಲ, ಗುಣ.

ಎರಡು ಲಿವರ್ ಇರುವ ಗಾಡಿಯಲ್ಲಿ ಪೊಸಿಷನ್ ಯಾವುದು, ಡ್ರಾಫ್ಟ್ ಯಾವುದು ಎಂದು ಮಾಲೀಕನನ್ನೇ ಕೇಳು. ಹೆಚ್ಚಿನವರು ನಗುತ್ತಾರೆ. ಈ ಡ್ರಾಫ್ಟ್ ಲಿವರ್‌ನ ಮೂಲ ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್. ಆಗಿನ ಟ್ರ್ಯಾಕ್ಟರ್‌ಗಳು ನೇಗಿಲನ್ನು ಎತ್ತಿನ ಹಾಗೆ ಹಿಂದೆ ಎಳೆಯುತ್ತಿದ್ದವು. ನೇಗಿಲು ಕಲ್ಲಿಗೆ ಸಿಕ್ಕರೆ ಮುಂಭಾಗ ಎದ್ದು ಹಿಂದಕ್ಕೆ ಮಗುಚಿ ಚಾಲಕ ಸಾಯುತ್ತಿದ್ದ. ಫರ್ಗ್ಯೂಸನ್ ನೇಗಿಲನ್ನು ಮೂರು ಕೊಂಡಿಯಲ್ಲಿ ಗಾಡಿಗೇ ಕಟ್ಟಿದ, ಎಳೆತ ಹೆಚ್ಚಾದಾಗ ಹೈಡ್ರಾಲಿಕ್ ತಾನಾಗಿ ನೇಗಿಲನ್ನು ತುಸು ಎತ್ತುವಂತೆ ಮಾಡಿ 1926ರಲ್ಲಿ ಪೇಟೆಂಟ್ ಪಡೆದ. 1939ರಲ್ಲಿ ಫೋರ್ಡ್ ಜೊತೆಗೂಡಿ ತಂದ ಗಾಡಿಯಿಂದ ಅದು ಲೋಕಕ್ಕೆಲ್ಲ ಹಬ್ಬಿತು. ಲಿಂಗಸುಗೂರಿನ ಕಲ್ಲು ಹೊಲದಲ್ಲಿ ನೇಗಿಲು ಹೊಡೆಯುವವನಿಗೆ ಡ್ರಾಫ್ಟ್ ಬೇಕು. ಸಿಂಧನೂರಿನ ಕೆಸರಲ್ಲಿ ರೋಟಾವೇಟರ್ ಓಡಿಸುವವನಿಗೆ ಲಿಫ್ಟನ್ನು ಒಂದೇ ಎತ್ತರಕ್ಕೆ ಹಿಡಿಯುವ ಪೊಸಿಷನ್ ಬೇಕು. ಗದ್ದೆಯವನು ಡ್ರಾಫ್ಟ್ ಹಿಡಿದು ಓಡಿಸಿ “ಒಂದೇ ಆಳ ನಿಲ್ಲವಲ್ದು, ಪಂಪ್ ಹೋಗೇತಿ” ಅನ್ನುತ್ತಾನೆ. ಪಂಪು ಗಟ್ಟಿಯಾಗಿಯೇ ಇರುತ್ತದೆ.

ಲಿವರ್, ಆಯಿಲ್, ಜಾಲರಿ ಮೂರೂ ಸರಿ ಇದ್ದರೆ ಆಗ ನಿಜವಾದ ಪರೀಕ್ಷೆ. ರೋಟಾವೇಟರ್ ಎತ್ತಿ ಎಂಜಿನ್ ಬಂದ್ ಮಾಡಿ ದೂರ ನಿಲ್ಲು. ತಾನಾಗಿ ಕುಸಿದರೆ ಸಿಲಿಂಡರ್ ಪಿಸ್ಟನ್ನಿನ ಓ-ರಿಂಗ್ ಅಥವಾ ವಾಲ್ವ್ ಸೋರುತ್ತಿದೆ. ಅಂಥ ಗಾಡಿ ಎಂಜಿನ್ ಚಾಲೂ ಇದ್ದಾಗ ಕುಸಿದು ಎದ್ದು, ಕುಸಿದು ಎದ್ದು ತಲೆಯಾಡಿಸುತ್ತಿರುತ್ತದೆ. ಕುಸಿಯದೆ ನಿಂತು, ಎತ್ತುವಾಗ ಮಾತ್ರ ಸೋತರೆ ಪಂಪು ಅಥವಾ ರಿಲೀಫ್ ವಾಲ್ವ್ ಕಡೆ ಹೋಗು. ಟ್ರಾಲಿಗೆ ಬೇರೆ ವಾಲ್ವ್ ಇರುವ ಗಾಡಿಯಾದರೆ ಖರ್ಚಿಲ್ಲದ ಇನ್ನೊಂದು ಸಾಕ್ಷಿ ಇದೆ: ತುಂಬಿದ ಟ್ರಾಲಿಯನ್ನು ಸಲೀಸಾಗಿ ಎತ್ತಿ ರೋಟಾವೇಟರ್ ಮಾತ್ರ ಎತ್ತದಿದ್ದರೆ ಪಂಪಿಗೆ ಕೈ ಹಚ್ಚಬೇಡ. ಬೆಳಗ್ಗೆ ಎತ್ತುತ್ತದೆ, ಮಧ್ಯಾಹ್ನ ಎತ್ತುವುದಿಲ್ಲ ಎನ್ನುವುದು ನಮ್ಮ ರಾಯಚೂರು ಜಿಲ್ಲೆಯ ಬೇಸಿಗೆಯ ಖಾಸಾ ತಕರಾರು. 40 ಡಿಗ್ರಿ ಬಿಸಿಲಲ್ಲಿ ಆಯಿಲ್ ತೆಳ್ಳಗಾಗಿ ಸವೆದ ಪಂಪಿನೊಳಗೇ ಹಿಂದಕ್ಕೆ ಜಾರುತ್ತದೆ. ಅಥವಾ ಯಾರೋ ಕಂಪನಿ ಹೇಳಿದ ಆಯಿಲ್ ಬಿಟ್ಟು ಎಂಜಿನ್ ಆಯಿಲ್ ಸುರಿದಿರುತ್ತಾರೆ.

ನಿಮ್ಮ ಮಸ್ಕಿಗೆ 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತ ಬಂದು ಅಶೋಕನ ಹೆಸರಿದ್ದ ಶಾಸನ ಕಂಡ. ಲಿಫ್ಟಿನ ಕೆಲಸದಲ್ಲಿ ಅಂಥ ಅದೃಷ್ಟ ನಂಬಿಕೊಂಡು ಬಿಚ್ಚುತ್ತ ಹೋಗಬೇಡ, ಬಿಲ್ ಬೆಳೆಯುತ್ತದೆ.

ಒಂದು ಕೆಲಸವನ್ನು ಮಾತ್ರ ಎಷ್ಟು ರೊಕ್ಕ ಕೊಟ್ಟರೂ ಮಾಡಬೇಡ. ಮಿನಿ ಟ್ರ್ಯಾಕ್ಟರ್‌ಗಳ ಎತ್ತುವ ಶಕ್ತಿ ಹೆಚ್ಚಿನವುಗಳಲ್ಲಿ 750 ಕೆಜಿ ಆಸುಪಾಸು, ಅದೂ ಕೊಂಡಿಯ ತುದಿಯಲ್ಲಿ. ಭಾರ ಹಿಂದಕ್ಕೆ ಹೋದಷ್ಟೂ ಆ ಲೆಕ್ಕ ಇಳಿಯುತ್ತದೆ. ಮಾಲೀಕ ದೊಡ್ಡ ಗಾಡಿಯ ರೋಟಾವೇಟರ್ ಕಟ್ಟಿಕೊಂಡು ಬಂದು, ರಿಲೀಫ್ ವಾಲ್ವಿನ ಸ್ಪ್ರಿಂಗ್ ಹಿಂದೆ ಒಂದು ವಾಷರ್ ಹಾಕು ಅನ್ನುತ್ತಾನೆ. ಹಾಕಿದರೆ ಆ ದಿನ ಎತ್ತುತ್ತದೆ, ಅವನು ಚಹಾ ಕುಡಿಸುತ್ತಾನೆ. ಆಮೇಲೆ ಪಂಪಿನ ಬಾಡಿ ಸೀಳುತ್ತದೆ, ಇಲ್ಲವೇ ಪೈಪ್ ಒಡೆಯುತ್ತದೆ, ಒಡೆಯುವಾಗ ಹತ್ತಿರ ಯಾರಿರುತ್ತಾರೋ ಗೊತ್ತಿಲ್ಲ. ಒತ್ತಡ ನೋಡಬೇಕಿದ್ದರೆ ಗೇಜ್ ಹಚ್ಚಿ ಆ ಗಾಡಿಯ ಪುಸ್ತಕದಲ್ಲಿರುವ ಅಂಕಿಗೆ ತಾಳೆ ಮಾಡು. ಬೇರೆ ಕಂಪನಿಯ ಅಂಕಿ ಇದಕ್ಕೆ ನಡೆಯುವುದಿಲ್ಲ.

ಸೋರುವ ಪೈಪನ್ನು ಬೆರಳಿಂದ ತಡವಿ ಹುಡುಕುವ ಚಟ ನಿನಗಿದ್ದರೆ ಈಗಲೇ ಬಿಡು, ರಟ್ಟಿನ ತುಂಡು ಹಿಡಿದು ನೋಡು. ಸೂಜಿಮೊನೆಯಷ್ಟು ತೂತಿನಿಂದ ಬರುವ ಆಯಿಲ್ ಚರ್ಮದೊಳಗೆ ಹೊಕ್ಕುಬಿಡುತ್ತದೆ. ಗಾಯ ಇರುವೆ ಕಚ್ಚಿದಷ್ಟೇ ಕಾಣುತ್ತದೆ, ನೋವೂ ಮೊದಲು ಅಷ್ಟಿರುವುದಿಲ್ಲ. ಅರಿಶಿನ ಹಚ್ಚಿಕೊಂಡು ಮನೆಯಲ್ಲಿ ಕೂತರೆ ಕೈ ಕಳೆದುಕೊಳ್ಳಬೇಕಾಗುತ್ತದೆ. ತಡಮಾಡದೆ ಆಪರೇಷನ್ ಮಾಡುವ ದವಾಖಾನೆಗೆ ಹೋಗಿ, ಒಳಗೆ ಹೋದದ್ದು ಆಯಿಲ್ ಎಂದು ಡಾಕ್ಟರಿಗೆ ಬಿಡಿಸಿ ಹೇಳಬೇಕು. ಎತ್ತಿದ ಟ್ರಾಲಿಯ ಕೆಳಗೆ ಗಟ್ಟಿ ಆನಿಕೆ ಕೊಡದೆ ನೀನೂ ಹೋಗಬೇಡ, ಶೆಡ್‌ನ ಹುಡುಗನನ್ನೂ ಕಳಿಸಬೇಡ.

ಮುಂಗಾರು ಶುರುವಾಗುವ ಮೊದಲೇ ನಿನ್ನ ಕಡೆ ಹೆಚ್ಚು ಓಡುವ ಮಾಡೆಲ್‌ಗಳ ಪಿಸ್ಟನ್ ಓ-ರಿಂಗ್, ಆಕ್ಸಲ್ ಸೀಲ್, ಸಕ್ಷನ್ ಜಾಲರಿ ತಂದಿಟ್ಟುಕೋ. ನಾಟಿಯ ಹೊತ್ತಿಗೆ ಪೇಟೆಯಲ್ಲಿ ಸಿಗುವುದಿಲ್ಲ, ಸಿಕ್ಕರೂ ನಕಲಿ ಸಿಗುತ್ತದೆ. ಗೇಜ್ ನನ್ನ ಹತ್ತಿರ ಒಂದು ಹೆಚ್ಚಿಗೆ ಇದೆ. ಈ ಕಡೆ ಬರುವ ಯಾರ ಕೈಯಲ್ಲಾದರೂ ಹೇಳಿ ಕಳಿಸು, ಕೊಟ್ಟು ಕಳಿಸುತ್ತೇನೆ.

ಇಂತಿ,
ನಿನ್ನ ಕಾಕಾ
ಸಿಂಧನೂರು