ಹಸುವಿಗೆ ಕಿವಿಯೋಲೆ ಇದೆ, ಯಂತ್ರಕ್ಕೆ ಬಿಲ್ಲು ಇದೆಯೇ?



ಹಳೇಕೋಟೆ ಹೋಬಳಿಯ ಒಂದು ಹಳ್ಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಹೋಗಿದ್ದಾಗ ಒಬ್ಬ ಹೆಣ್ಣುಮಗಳು ಕೊಟ್ಟಿಗೆಯೊಳಗಿಂದಲೇ ಕೇಳಿದರು: “ಡಾಕ್ಟ್ರೇ, ಹಸೂಗೆ ಬೆಲೆ ಬರ್ಕೊಡ್ತೀರಲ್ಲ, ಹಂಗೇ ಹಾಲು ಕರೆಯೋ ಮಿಷನ್‌ಗೂ ಒಂದು ಬೆಲೆ ಬರ್ಕೊಡಿ.” ಅವರ ಗಂಡ ತೀರಿಕೊಂಡು ಒಂದು ವರ್ಷವಾಗಿತ್ತು. ಮನೆಯಲ್ಲಿ ಪಾಲು ನಡೆಯುತ್ತಿತ್ತು. ಹಿರಿಯರು ಕೂತು, ಮೂರು ವರ್ಷ ಹಳೆಯ ಮಿಷನ್ನಿಗೆ ಬಿಲ್ಲಿನಲ್ಲಿದ್ದ 60,000 ರೂಪಾಯಿಯನ್ನೇ ಹಿಡಿದು ಅದನ್ನು ಇವರ ಪಾಲಿಗೆ ಬರೆದಿದ್ದರು. ಭಾವನ ಪಾಲಿಗೆ ಹೋದ ಪವರ್ ಟಿಲ್ಲರ್‌ಗೆ ಮಾತ್ರ ಗುಜರಿ ಬೆಲೆ ಹಾಕಿದ್ದರು.

ನನಗೂ ಸಿಟ್ಟು ಬಂತು. ಒಂದು ಹಾಳೆಯ ಮೇಲೆ ಬೆಲೆ ಬರೆದು ಮೊಹರು ಒತ್ತಿ ಕೊಟ್ಟೆ. ಮಾರನೇ ದಿನ ಅದು ವಾಪಸ್ ಬಂತು. ಭಾವ ಕೇಳಿದ್ದು ಇಷ್ಟೇ: “ಮೋಟಾರಿನ ಬೆಲೆ ಹೇಳೋಕೆ ದನದ ಡಾಕ್ಟ್ರು ಯಾರು?” ಮಾತು ಒರಟು, ಆದರೆ ಸರಿ. ಹಸುವಿನ ತಳಿ, ಸೂಲು, ಹಾಲಿನ ಅಳತೆ, ಆರೋಗ್ಯ ನೋಡಿ ಬೆಲೆ ಹೇಳಲು ನಾನು ಓದಿದ್ದೇನೆ. ಯಂತ್ರದ ಬೆಲೆ ಹೇಳುವುದು ಬೇರೆಯವರ ಕೆಲಸ. ಅದು ಯಾರ ಕೆಲಸ, ಯಾವಾಗ ಬೇಕಾಗುತ್ತದೆ ಎಂದು ಆಮೇಲೆ ವಿಚಾರಿಸಿ ತಿಳಿದುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಜಮೀನಿಗೆ ಪಹಣಿ ಇದೆ. ಹಸುವಿಗೆ 12 ಅಂಕಿಯ ಕಿವಿಯೋಲೆ ಇದೆ. ಓಲೆ ಇಲ್ಲದೆ ವಿಮೆ ಹಣ ಬರುವುದಿಲ್ಲವೆಂದು ನಿಮಗೆಲ್ಲ ಗೊತ್ತು. ಹಾಲು ಕರೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರ ಇವುಗಳಿಗೆ ಇರುವುದು ಬಿಲ್ಲು ಒಂದೇ. ಆ ಬಿಲ್ಲು ಯಾರ ಹೆಸರಿನಲ್ಲಿದೆ? ಮೇಲೆ ಹೇಳಿದ ಮನೆಯಲ್ಲಿ ಹಾಲಿನ ದುಡ್ಡು ಕೂಡಿಟ್ಟವರು ಈ ತಾಯಿ. ಹಾಸನಕ್ಕೆ ಹೋಗಿ ಯಂತ್ರ ತಂದವರು ಭಾವ. ನಗದು ಕೊಟ್ಟರು, ಬಿಲ್ಲನ್ನು ಅವರ ಹೆಸರಿಗೇ ಬರೆಸಿಕೊಂಡು ಬಂದರು. ಆವತ್ತು ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಆದರೆ ಪಾಲಿನ ದಿನ “ಇದು ನನ್ನದು, ಪಾಲಿಗೇ ಬರುವುದಿಲ್ಲ” ಎಂದು ಹೇಳಲು ಅವರ ಕೈಯಲ್ಲಿ ಕಾಗದವಿರಲಿಲ್ಲ.

ಬೆಲೆಯ ವಿಷಯಕ್ಕೆ ಬರೋಣ. ಒಂದೇ ಯಂತ್ರಕ್ಕೆ ಒಂದೇ ಬೆಲೆ ಇರುವುದಿಲ್ಲ. ಕೊಂಡಾಗಿನ ಬೆಲೆ ಒಂದು. ಇವತ್ತು ಮಾರಿದರೆ ಸಿಗುವ ಬೆಲೆ ಇನ್ನೊಂದು. ಅಂಥದ್ದೇ ಹೊಸದನ್ನು ತರಲು ಬೇಕಾಗುವುದು ಮತ್ತೊಂದು. ತೆರಿಗೆ ಲೆಕ್ಕದಲ್ಲಿ ಉಳಿಯುವ ಬೆಲೆ ಇವೆಲ್ಲಕ್ಕಿಂತ ಬೇರೆ. ಯಾರು ಕೇಳುತ್ತಿದ್ದಾರೆ, ಯಾವುದಕ್ಕೆ ಎಂಬುದರ ಮೇಲೆ ಯಾವ ಬೆಲೆ ಬೇಕು ಎಂಬುದು ನಿಲ್ಲುತ್ತದೆ. ಪಾಲಿಗೆ ಬೇಕಾದದ್ದು ಇವತ್ತಿನ ಮಾರುಕಟ್ಟೆ ಬೆಲೆ. ಒಂದು ವಸ್ತುವಿಗೆ ಬಿಲ್ಲಿನ ಬೆಲೆ, ಇನ್ನೊಂದಕ್ಕೆ ಗುಜರಿ ಬೆಲೆ ಹಾಕಿದರೆ ಅದು ಪಾಲಲ್ಲ. ಎಲ್ಲ ವಸ್ತುಗಳಿಗೂ ಒಂದೇ ದಿನ, ಒಂದೇ ಅಳತೆಯಲ್ಲಿ ಬೆಲೆ ಕಟ್ಟಿಸಿ ಎಂದು ಕೇಳಿ. ಇದನ್ನು ಕೇಳಲು ವಕೀಲರೇ ಬೇಕೆಂದಿಲ್ಲ.

ಬೆಲೆ ಕಟ್ಟುವವರು ಯಾರು? ಇದಕ್ಕೆ ನೋಂದಾಯಿತ ಮೌಲ್ಯಮಾಪಕರು ಇದ್ದಾರೆ. ಜಮೀನು, ಕಟ್ಟಡಕ್ಕೆ ಒಬ್ಬರಾದರೆ ಯಂತ್ರೋಪಕರಣಗಳಿಗೆ ಬೇರೆಯವರು. ಬ್ಯಾಂಕುಗಳು ತಮ್ಮದೇ ಪಟ್ಟಿ ಇಟ್ಟುಕೊಂಡಿರುತ್ತವೆ. ಸಾಲಕ್ಕಾಗಿ ಬೆಲೆ ಕಟ್ಟಿಸುವುದಾದರೆ ಬ್ಯಾಂಕನ್ನು ಕೇಳಿಯೇ ಕಟ್ಟಿಸಿ, ಇಲ್ಲವಾದರೆ ಎರಡು ಸಲ ಶುಲ್ಕ ಕೊಡಬೇಕಾದೀತು. ಅವರು ಕೊಡುವ ವರದಿಯಲ್ಲಿ ನೋಡಿದ ದಿನಾಂಕ, ಯಂತ್ರದ ಸಂಖ್ಯೆ, ಸ್ಥಿತಿ, ಯಾವ ಉದ್ದೇಶಕ್ಕೆ ಎಂಬುದು ಮತ್ತು ಸಹಿ ಇರಬೇಕು. ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯವನ್ನೂ ಹೇಳುತ್ತೇನೆ: ಎರಡು ಹಸು, ಒಂದು ಬಕೆಟ್ ಮಿಷನ್ ಇರುವ ಮನೆಗೆ ಇಷ್ಟೆಲ್ಲ ಬೇಡ. ಮನೆಯವರು ಒಪ್ಪುವುದಾದರೆ, ಯಂತ್ರ ಮಾರುವ ಇಬ್ಬರು ಡೀಲರುಗಳಿಂದ ಹಳೆಯದಕ್ಕೆ ಎಷ್ಟು ಕೊಡುತ್ತಾರೆಂದು ಅಂಗಡಿಯ ಲೆಟರ್‌ಹೆಡ್‌ನಲ್ಲಿ ಬರೆಸಿ ತಂದರೆ ಸಾಕು. ಹತ್ತು ಹದಿನೈದು ಹಸು, ಟ್ರ್ಯಾಕ್ಟರ್, ಸೈಲೇಜ್ ಯಂತ್ರ ಇರುವ ಕಡೆ, ಅಥವಾ ವ್ಯಾಜ್ಯ ಕೋರ್ಟಿಗೆ ಹೋಗುವ ಹಾಗಿದ್ದರೆ ಮಾತ್ರ ಮೌಲ್ಯಮಾಪಕರನ್ನು ಕರೆಸಿ.

ಅವರು ಬಂದಾಗ ಏನು ನೋಡುತ್ತಾರೆ? ಇಲ್ಲಿ ನನ್ನ ಕೆಲಸವೂ ಸೇರುತ್ತದೆ. ವ್ಯಾಕ್ಯೂಮ್ ಪಂಪ್ ಸದ್ದು ಮಾಡದೆ ಓಡುತ್ತದೆಯೇ, ಮೀಟರಿನ ಮುಳ್ಳು ಒಂದೇ ಕಡೆ ನಿಲ್ಲುತ್ತದೆಯೇ, ಪಲ್ಸೇಟರ್ ನಿಮಿಷಕ್ಕೆ ಸುಮಾರು 60 ಸಲ ಬಡಿಯುತ್ತದೆಯೇ, ಲೈನರ್ ಯಾವಾಗ ಬದಲಾಯಿಸಿದ್ದು. ರಬ್ಬರ್ ಲೈನರ್ ಸುಮಾರು 2,500 ಸಲ ಕರೆಯುವವರೆಗೆ ಬಾಳಿಕೆ ಬರುತ್ತದೆ. ಒಂದೇ ಸೆಟ್ಟಿನಲ್ಲಿ ನಾಲ್ಕು ಹಸುವನ್ನು ದಿನಕ್ಕೆ ಎರಡು ಹೊತ್ತು ಕರೆದರೆ ವರ್ಷ ತುಂಬುವುದರೊಳಗೆ ಅದರ ಆಯಸ್ಸು ಮುಗಿಯುತ್ತದೆ. ಬಿರುಕು ಬಿಟ್ಟ ಲೈನರ್ ಹಾಕಿ ಕರೆಯುವ ಮನೆಗಳಲ್ಲಿ ಕೆಚ್ಚಲು ಬಾವಿಗೆ ನಾನು ಮತ್ತೆ ಮತ್ತೆ ಹೋಗುತ್ತೇನೆ. ಅಂದರೆ ಅಲ್ಲಿ ಯಂತ್ರದ ಬೆಲೆಯೂ ಇಳಿಯುತ್ತದೆ, ಹಸುವಿನ ಬೆಲೆಯೂ ಇಳಿಯುತ್ತದೆ. ಲೈನರ್, ಎಣ್ಣೆ, ರಿಪೇರಿಯ ಚೀಟಿಗಳನ್ನು ಬಿಸಾಡಬೇಡಿ.

ಸಾಲದ ವಿಷಯ. ಕಿಸಾನ್ ಕ್ರೆಡಿಟ್ ಕಾರ್ಡ್ 2019ರಿಂದ ಹೈನುಗಾರಿಕೆಯ ಖರ್ಚಿಗೂ ಸಿಗುತ್ತದೆ. 2025ರ ಜನವರಿ 1ರಿಂದ, ಕೃಷಿ ಮತ್ತು ಅದಕ್ಕೆ ಹೊಂದಿಕೊಂಡ ಕಸುಬುಗಳಿಗೆ 2 ಲಕ್ಷ ರೂಪಾಯಿವರೆಗೆ ಆಸ್ತಿ ಅಡಮಾನ ಕೇಳದೆ ಸಾಲ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಅದಕ್ಕೂ ಮೊದಲು ಈ ಮಿತಿ 1.6 ಲಕ್ಷವಿತ್ತು. ಇಷ್ಟರೊಳಗಿನ ಸಾಲಕ್ಕೆ ಹಳೇ ಯಂತ್ರದ ಬೆಲೆಗಿಂತ ನಿಮ್ಮ ಸಂಘದ ಹಾಲಿನ ಲೆಕ್ಕ, ಬಟವಾಡೆ ಜಮೆಯಾದ ಪಾಸ್‌ಬುಕ್ ಇವೇ ಹೆಚ್ಚು ಮಾತಾಡುತ್ತವೆ. ಸಾಲ ಮಾಡಿ ಕೊಂಡ ಯಂತ್ರ ನಿಮ್ಮ ಕೊಟ್ಟಿಗೆಯಲ್ಲೇ ಇದ್ದರೂ ಅದರ ಮೇಲೆ ಬ್ಯಾಂಕಿನ ಹಕ್ಕಿರುತ್ತದೆ. ಸಾಲ ತೀರುವ ಮೊದಲು ಬ್ಯಾಂಕಿಗೆ ಹೇಳದೆ ಮಾರಬೇಡಿ, ಪಾಲಿಗೂ ಹಾಕಬೇಡಿ. ಪಾಲು ಹಾಕುವಾಗ ಉಳಿದ ಸಾಲವನ್ನು ಬೆಲೆಯಿಂದ ಕಳೆಯುವುದನ್ನು ಬಹಳ ಮನೆಗಳಲ್ಲಿ ಮರೆಯುತ್ತಾರೆ.

ತೆರಿಗೆ ಎಂದರೆ ನಮಗೇಕೆ ಎನ್ನುತ್ತೀರಿ. ಹೆಚ್ಚಿನವರಿಗೆ ಕಟ್ಟುವುದೇನೂ ಬರುವುದಿಲ್ಲ, ನಿಜ. ಆದರೆ ರಾಗಿ, ಆಲೂಗಡ್ಡೆ, ತೆಂಗಿನ ವರಮಾನದ ಹಾಗೆ ಹಾಲಿನ ವರಮಾನ ಕೃಷಿ ಆದಾಯದಲ್ಲಿ ಸೇರುವುದಿಲ್ಲ. ಅದು ಆದಾಯ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ದೊಡ್ಡ ಕೊಟ್ಟಿಗೆ ಇಟ್ಟವರು ಲೆಕ್ಕ ಇಡಬೇಕು. ಅಲ್ಲಿ ಯಂತ್ರದ ಸವೆತವನ್ನು ಸಾಮಾನ್ಯವಾಗಿ ವರ್ಷಕ್ಕೆ ಶೇ. 15ರಂತೆ, ಉಳಿದ ಮೊತ್ತದ ಮೇಲೆ ಕಳೆಯುತ್ತಾರೆ. 60,000ದ ಯಂತ್ರ ಮೊದಲ ವರ್ಷದ ಕೊನೆಗೆ 51,000, ಎರಡನೆಯದಕ್ಕೆ 43,350, ಮೂರನೆಯದಕ್ಕೆ ಸುಮಾರು 36,850. ಸಬ್ಸಿಡಿ ಬಂದಿದ್ದರೆ ಅಷ್ಟನ್ನು ಮೊದಲೇ ಕಳೆದು, ನೀವು ಕೈಯಿಂದ ಹಾಕಿದ್ದರಿಂದ ಲೆಕ್ಕ ಶುರು ಮಾಡಬೇಕು. ಹಸುವಿಗೆ ಈ ಸವೆತದ ಲೆಕ್ಕ ಇಲ್ಲ. ಹಸು ಸತ್ತರೆ ಅಥವಾ ಕೆಲಸಕ್ಕೆ ಬಾರದಂತಾದರೆ ಕೊಂಡ ಬೆಲೆಯಲ್ಲಿ, ಅದರಿಂದ ಬಂದದ್ದೇನಾದರೂ ಇದ್ದರೆ ಕಳೆದು, ಉಳಿದದ್ದನ್ನು ನಷ್ಟವೆಂದು ತೋರಿಸಬಹುದು. ಹಾಗಾಗಿ ಹಸು ಕೊಂಡ ಚೀಟಿಯನ್ನೂ ಇಟ್ಟುಕೊಳ್ಳಿ.

ಇನ್ನು ಪಿತ್ರಾರ್ಜಿತಕ್ಕೆ ತೆರಿಗೆ ಬೀಳುತ್ತದೆ, ಬೇಗ ಸಹಿ ಹಾಕು ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ಸತ್ತವರ ಆಸ್ತಿಯ ಮೇಲಿನ ಸುಂಕ ನಮ್ಮ ದೇಶದಲ್ಲಿ 1985ರಲ್ಲೇ ರದ್ದಾಗಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ, ಗಂಡ ಉಯಿಲು ಬರೆಯದೆ ತೀರಿಕೊಂಡರೆ ಅವರ ಸ್ವಂತ ಸ್ವತ್ತು ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ಅವರ ತಾಯಿಗೆ ಸಮನಾಗಿ ಹೋಗುತ್ತದೆ. ಅಣ್ಣತಮ್ಮಂದಿರಿಗೆ ಅದರಲ್ಲಿ ಭಾಗವಿಲ್ಲ. ನಿಮ್ಮ ದುಡ್ಡಿನಲ್ಲಿ ನೀವು ಕೊಂಡದ್ದು ನಿಮ್ಮದೇ. ಒಟ್ಟು ಕುಟುಂಬದ ಆಸ್ತಿಯ ಲೆಕ್ಕ ಬೇರೆ. ಮುಸ್ಲಿಂ, ಕ್ರೈಸ್ತ ಮನೆಗಳ ನಿಯಮವೂ ಬೇರೆ. ಗೊಂದಲವಿದ್ದರೆ ಸಹಿ ಹಾಕುವ ಮೊದಲು ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವೆಗಳ ಸಮಿತಿಗೆ ಹೋಗಿ. ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ.

ಆ ತಾಯಿಯ ಮನೆಯಲ್ಲಿ ಕೊನೆಗೆ ಡೀಲರ್ ಬರೆದುಕೊಟ್ಟ ಬೆಲೆ ಮಿಷನ್ನಿಗೂ ಟಿಲ್ಲರ್‌ಗೂ ನಿಂತಿತು. ಆದರೆ ಮಿಷನ್ ಅವರದೇ ಎಂಬುದನ್ನು ಯಾರೂ ಒಪ್ಪಲಿಲ್ಲ. ತಮ್ಮ ದುಡ್ಡಿನ ಯಂತ್ರವನ್ನೇ ಅವರು ತಮ್ಮ ಪಾಲಾಗಿ ತೆಗೆದುಕೊಂಡರು. ಹೋದ ತಿಂಗಳು ಅವರು ಮೇವು ಕತ್ತರಿಸುವ ಯಂತ್ರ ಕೊಂಡಿದ್ದಾರೆ. ದುಡ್ಡು ಹಾಲಿನ ಖಾತೆಯಿಂದ ನೇರ ಅಂಗಡಿಯ ಖಾತೆಗೆ ಹೋಗಿದೆ, ಬಿಲ್ಲು ಅವರ ಹೆಸರಿನಲ್ಲಿದೆ. ಯಂತ್ರಕ್ಕೆ ಹೊಡೆದಿರುವ ತಗಡಿನ ಮೇಲಿನ ಸಂಖ್ಯೆ ಕಾಣುವ ಹಾಗೆ ಮಗಳು ಮೊಬೈಲಿನಲ್ಲಿ ಫೋಟೋ ತೆಗೆದು, ಬಿಲ್ಲಿನ ಜೆರಾಕ್ಸ್ ಜೊತೆ ಹಾಲಿನ ಪಾಸ್‌ಬುಕ್ಕಿನೊಳಗೆ ಇಟ್ಟಿದ್ದಾಳೆ. ಮೂಲ ಬಿಲ್ಲಿನ ಶಾಯಿ ಒಂದೆರಡು ವರ್ಷದಲ್ಲಿ ಮಾಸಿಹೋಗುತ್ತದೆ, ಜೆರಾಕ್ಸ್ ಮಾಡಿಸುವುದನ್ನು ಮರೆಯಬೇಡಿ.