ಸಡಿಲಿಸಿದ ಲಗಾಮು

ಒಬ್ಬನಿಗೆ ಪೂರ್ಣ ಸ್ವಾತಂತ್ರ್ಯ ಕೊಡುವುದನ್ನು ಇಂಗ್ಲಿಷಿನಲ್ಲಿ ‘ಫ್ರೀ ರೇನ್’ ಕೊಡುವುದೆನ್ನುತ್ತಾರೆ. ಈ ನುಡಿಗಟ್ಟು ಕುದುರೆ ಸವಾರಿಯಿಂದ ಬಂದುದು. ‘ರೇನ್’ ಎಂದರೆ ಲಗಾಮು. ಸವಾರನು ಅದನ್ನು ಸಡಿಲಬಿಟ್ಟರೆ ಕುದುರೆಯು ತನ್ನ ಹೆಜ್ಜೆಯನ್ನು ತಾನೇ ಆರಿಸಿಕೊಳ್ಳುತ್ತದೆ.

ಈ ಪದದ ಅಕ್ಷರಗಳು ಆರ್-ಇ-ಐ-ಎನ್. ಆಳ್ವಿಕೆ ಎಂಬ ಅರ್ಥದ ಇನ್ನೊಂದು ಪದಕ್ಕೂ ಇದೇ ಉಚ್ಚಾರಣೆಯುಂಟು. ಆದರೆ ಅದನ್ನು ಬರೆಯುವಾಗ ‘ಎನ್’ಗೆ ಮೊದಲು ‘ಜಿ’ ಬರುತ್ತದೆ. ಕಿವಿಗೆ ಎರಡೂ ಒಂದೇ ಆದುದರಿಂದ ಇಂಗ್ಲಿಷ್ ಮನೆಮಾತಿನವರೂ ಇಲ್ಲಿ ಎಡವುವುದುಂಟು. ಭೇದವು ಒಂದೇ ಅಕ್ಷರದ್ದು. ಅರ್ಥದ ಅಂತರವಾದರೋ ದೊಡ್ಡದು. ಆಳ್ವಿಕೆಯು ಅಧಿಕಾರವನ್ನು ಸೂಚಿಸುತ್ತದೆ. ಸಡಿಲಬಿಟ್ಟ ಲಗಾಮು ಸವಾರನ ಕೈಯಲ್ಲಿಯೇ ಇರುತ್ತದೆ. ಅದು ಸೂಚಿಸುವುದು ನಂಬಿಕೆಯನ್ನು.

ಕನ್ನಡದಲ್ಲಿ ‘ಲಗಾಮಿಲ್ಲದ ಕುದುರೆ’ ಎಂಬುದು ನಿಂದೆಯ ಮಾತು. ಲಗಾಮಿಲ್ಲದಿರುವುದು ಬೇರೆ, ನಂಬಿ ಸಡಿಲಿಸುವುದು ಬೇರೆ. ಈ ವಿವೇಕವನ್ನರಿತವನು ‘ಜಿ’ ಅಕ್ಷರವನ್ನು ತಪ್ಪಿಯೂ ಸೇರಿಸಲಾರನು.