ರಾತ್ರಿಯ ಇನ್ಸುಲಿನಿಗೆ ಹಗಲಿನ ಊಟ ಹೊರಿಸಬೇಡ

ಬೆಟ್ಟಂಪಾಡಿ

ಪ್ರೀತಿಯ ಮಾಣೀ,

ನಿನ್ನಮ್ಮ ಫೋನಿನಲ್ಲಿ ಎಲ್ಲ ಹೇಳಿದಳು. ಅವಳನ್ನು ಬೈಯಬೇಡ, ಬೆಳಗಿನ ಜಾವ ಮೂರಕ್ಕೆ ಮೈಯೆಲ್ಲ ಬೆವರಿ ಎದ್ದೆನೆಂದು ಅವಳಿಗೆ ಹೇಳಿದವನು ನೀನೇ. ಕ್ಯಾಂಟೀನಿನಲ್ಲಿ ಅಂಗಿ ಎತ್ತಿ ಇನ್ಸುಲಿನ್ ಚುಚ್ಚಿಕೊಳ್ಳಲು ಮುಜುಗರವಾಗಿ ಮಧ್ಯಾಹ್ನದ್ದು ಬಿಟ್ಟಿದ್ದೀಯಂತೆ, ಅದಕ್ಕೆ ಸರಿಯಾಗಿ ರಾತ್ರಿಯದ್ದನ್ನು ಏರಿಸಿದ್ದೀಯಂತೆ. ಇನ್ನು ‘ಹಿಂದಿನ ಹಾಗೆ ದಿನಕ್ಕೆ ಎರಡೇ ಕೊಡಿ’ ಎಂದು ಡಾಕ್ಟರ ಹತ್ತಿರ ಕೇಳುವ ಯೋಚನೆಯಂತೆ. ಕೇಳು. ನಿರ್ಧಾರ ನಿನ್ನದು, ಅವರದು. ನಾನು ಅಡ್ಡ ಬರುವುದಿಲ್ಲ. ಆದರೆ ಎರಡು ಚುಚ್ಚಿನ ಸುಖ ಎಂಥದ್ದೆಂದು ನಮ್ಮ ಮನೆಯಲ್ಲಿ ನನಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿಲ್ಲ.

ನನಗೆ ಸಕ್ಕರೆ ಕಾಯಿಲೆ ಶುರುವಾದದ್ದು ಹೈಸ್ಕೂಲಿನಲ್ಲಿರುವಾಗ, 1980ರ ಸುಮಾರಿಗೆ. ಗಾಜಿನ ಸಿರಿಂಜು, ಅದನ್ನು ದಿನಾ ಕುದಿಸಬೇಕು. ಸೂಜಿ ಮೊಂಡಾದರೆ ಕಲ್ಲಿಗೆ ಉಜ್ಜಬೇಕು. ಫ್ರಿಜ್ ಇಲ್ಲದ ಮನೆ. ಒದ್ದೆ ಮರಳಿನ ಮೇಲಿಟ್ಟ ಮಣ್ಣಿನ ಮಡಕೆಯಲ್ಲಿ ಬಾಟಲಿ. ಆಗಿನ ಇನ್ಸುಲಿನ್ ದನ, ಹಂದಿಗಳ ಮೇದೋಜೀರಕದಿಂದ ತೆಗೆದದ್ದು. ನಿತ್ಯಪೂಜೆಯ ಮನೆಯಲ್ಲಿ ಅಜ್ಜಿಗೆ ಆ ಸಂಗತಿ ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಗೊತ್ತಿದ್ದೇ ಕೇಳಲಿಲ್ಲವೋ ಎಂದು ನನಗೆ ಈಗಲೂ ಅನುಮಾನ.

ಮನೆಯಲ್ಲಿ ರಕ್ತ ಪರೀಕ್ಷಿಸುವ ಮೀಟರ್ ಎಲ್ಲಿಂದ ಬರಬೇಕು? ಪ್ರನಾಳದಲ್ಲಿ 5 ಮಿಲಿ ಬೆನೆಡಿಕ್ಟ್ ದ್ರಾವಣ, ಅದಕ್ಕೆ ಎಂಟು ಹನಿ ಮೂತ್ರ, ಕೆಳಗೆ ಸ್ಪಿರಿಟ್ ದೀಪ. ನೀಲಿ ನೀಲಿಯಾಗಿಯೇ ಉಳಿದರೆ ಸಮಾಧಾನ. ಹಸಿರು, ಹಳದಿ ದಾಟಿ ಇಟ್ಟಿಗೆಯ ಬಣ್ಣಕ್ಕೆ ಬಂದರೆ ಅಪ್ಪನ ಮುಖ ಸಪ್ಪೆ. ಆ ನೀಲಿಯೂ ಮೈಲುತುತ್ತಿನದ್ದೇ, ಮಳೆಗಾಲದಲ್ಲಿ ಅಡಿಕೆಗೆ ಬಿಡುವ ಬೋರ್ಡೋ ಮದ್ದಿನಲ್ಲಿ ಇರುವಂಥದ್ದು. ತೋಟಕ್ಕೂ ಮಗಳಿಗೂ ಒಂದೇ ಅಂಗಡಿ ಸಾಕೆಂದು ಅಪ್ಪ ತಮಾಷೆ ಮಾಡುತ್ತಿದ್ದರು. ಅಷ್ಟು ಮಾಡಿದರೂ ತಿಳಿಯುತ್ತಿದ್ದದ್ದು ಕೆಲವು ಗಂಟೆಗಳ ಹಿಂದಿನ ಕತೆ. ಈ ಕ್ಷಣ ಸಕ್ಕರೆ ಇಳಿಯುತ್ತಿದೆಯೋ ಏರುತ್ತಿದೆಯೋ ದೇವರಿಗೇ ಗೊತ್ತು.

ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ತಿಳಿಯಾದ ಇನ್ಸುಲಿನನ್ನು ಮೊದಲು ಎಳೆದು, ಆಮೇಲೆ ಮಸುಕಾದದ್ದನ್ನು ಅದೇ ಸಿರಿಂಜಿಗೆ ಎಳೆಯುವುದು. ಬೆಳಗಿನ ಮಸುಕು ಇನ್ಸುಲಿನ್ ಜೋರಾಗುವುದು ಮಧ್ಯಾಹ್ನದ ಹೊತ್ತಿಗೆ. ಹಸಿವಿರಲಿ ಬಿಡಲಿ, ಹನ್ನೆರಡೂವರೆಗೆ ಎಲೆ ಮುಂದೆ ಕೂರಲೇಬೇಕು. ಅಜ್ಜನ ಶ್ರಾದ್ಧದ ದಿನ ಪುರೋಹಿತರು ಇನ್ನೆಲ್ಲೋ ಮುಗಿಸಿ ಬರುವವರು. ಬ್ರಾಹ್ಮಣರ ಊಟವಾಗದೆ ಮನೆಯವರು ಬಾಯಿಗೆ ಏನೂ ಹಾಕುವಂತಿಲ್ಲ. ಗಂಟೆ ಎರಡು ದಾಟಿತು. ಸುಟ್ಟೇವಿನ ಹಿಟ್ಟು ಕಲಸುತ್ತಿದ್ದ ನನ್ನ ಕೈ ನಡುಗಿ, ನಾಲಿಗೆ ತೊದಲಿ, ಎದುರಿಗಿದ್ದ ಚಿಕ್ಕಮ್ಮ ಯಾರೆಂದೇ ತಿಳಿಯಲಿಲ್ಲ. ಅವಳು ಮಡಿಯನ್ನೂ ನೋಡದೆ ಹಿತ್ತಿಲ ಬಾಗಿಲಲ್ಲಿ ಕೂರಿಸಿ ಬೆಲ್ಲನೀರು ಕುಡಿಸಿದಳು. ಆಮೇಲೆ ಮದುವೆಗೆ ಹೋಗಲಿ, ಬಯಲಾಟಕ್ಕೆ ಹೋಗಲಿ, ಸೆರಗಿನ ತುದಿಯಲ್ಲಿ ಬೆಲ್ಲದ ಗಂಟು ತಪ್ಪಲಿಲ್ಲ. ಗೆಳತಿಯರು ಬೆಳಗಿನವರೆಗೆ ಆಟ ನೋಡುವರು, ನಾನು ವಾಚು ನೋಡುವವಳು.

ನೀನು ಕೇಳಬೇಕೆಂದಿರುವ, ತಿಳಿಯಾದದ್ದನ್ನೂ ಮಸುಕಾದದ್ದನ್ನೂ ಮೊದಲೇ ಬೆರೆಸಿದ 30-70ರ ಮಿಶ್ರಣವೂ ಹೆಚ್ಚುಕಡಿಮೆ ಅದೇ ಏರ್ಪಾಡು. ಅದು ಕೆಟ್ಟದ್ದೆಂದು ಹೇಳುವುದಿಲ್ಲ. ಖರ್ಚು ಕಡಿಮೆ, ಚುಚ್ಚು ಕಡಿಮೆ. ದಿನಾ ಒಂದೇ ಹೊತ್ತಿಗೆ ಒಂದೇ ಅಳತೆ ಗಂಜಿ ಉಣ್ಣುವ ವಯಸ್ಸಾದವರಿಗೆ ಸರಿಹೋಗುತ್ತದೆ. ಇವತ್ತು ಒಂದಕ್ಕೆ, ನಾಳೆ ಮೂರೂವರೆಗೆ, ರಾತ್ರಿ ಹನ್ನೊಂದಕ್ಕೆ ಪಾರ್ಸೆಲ್ ತರಿಸಿ ಉಣ್ಣುವ ನಿನಗೆ ಹೇಗೆ ಆಗುತ್ತದೆ, ಹೇಳು!

ಉಂಡರೂ ಉಣ್ಣದಿದ್ದರೂ ಲಿವರ್ ರಕ್ತಕ್ಕೆ ಸಕ್ಕರೆ ಬಿಡುತ್ತಲೇ ಇರುತ್ತದೆ. ಅದನ್ನು ನೋಡಿಕೊಳ್ಳುವುದಷ್ಟೇ ನಿನ್ನ ರಾತ್ರಿಯ ಇನ್ಸುಲಿನಿನ ಕೆಲಸ. ಊಟದ ಸಕ್ಕರೆಗೆ ಊಟದ್ದೇ ಬೇಕು. ಅದು ಬೇಗ ಬಂದು ಕೆಲವು ಗಂಟೆಯಲ್ಲಿ ಹೋಗುತ್ತದೆ. ನಮ್ಮ ಬಚ್ಚಲೊಲೆಯಲ್ಲಿ ಅಡಿಕೆ ಸಿಪ್ಪೆಯ ಕೆಂಡ ಹಗಲೂ ರಾತ್ರಿಯೂ ಇರುತ್ತದೆ. ಹತ್ತು ಜನ ನೆಂಟರು ಬಂದರೆಂದು ಅನ್ನ ಬೇಯಿಸಲು ಬಚ್ಚಲೊಲೆಗೆ ಸೌದೆ ಒಟ್ಟಿದವರನ್ನು ಎಲ್ಲಾದರೂ ಕಂಡಿದ್ದೀಯಾ? ನೀನು ಮಾಡಿದ್ದು ಅದೇ. ಮಧ್ಯಾಹ್ನದ ಸಕ್ಕರೆ ಇಳಿಯಲಿಲ್ಲ, ಬೆಳಗಿನ ಜಾವ ನೀನು ಇಳಿದೆ.

ಮುಜುಗರವಂತೆ! ನಮ್ಮದೇ ಅಡಿಕೆ ಜಗಿದು ಬಸ್‌ಸ್ಟ್ಯಾಂಡಿನ ಗೋಡೆಗೆ ಉಗಿಯುವವರಿಗೆ ಇಲ್ಲದ ಮುಜುಗರ ನಿನಗೆ ಯಾಕೆ? ಎಂಜಿನಿಯರಿಂಗ್ ಓದಿದವನಿಗೆ ಇಷ್ಟು ಲೆಕ್ಕ ಬರುವುದಿಲ್ಲವಾ? ಮಲಗುವಾಗ 140 ಇದ್ದು, ನಡುವೆ ಏನೂ ತಿನ್ನದೆ, ಏಳುವಾಗಲೂ ಅದರ ಆಸುಪಾಸಿನಲ್ಲಿದ್ದರೆ ರಾತ್ರಿಯದ್ದು ಸರಿಯಿದೆ. ತುಂಬ ಇಳಿದಿದ್ದರೆ ಅದು ಹೆಚ್ಚಾಗಿದೆ. ಉಂಡ ಮೇಲೆ ಏರಿದರೆ ಆ ಲೆಕ್ಕ ಊಟದ್ದು. ಹಾಗೆಂದು ಜ್ವರ ಬಂದು ಊಟ ಸೇರದ ದಿನ ರಾತ್ರಿಯದ್ದನ್ನು ಬಿಟ್ಟೀಯೆ ಮತ್ತೆ! ಕೀಟೋನ್ ಏರಿ ಆಸ್ಪತ್ರೆ ಸೇರುವುದು ಹಾಗೆಯೇ.

ಜೋರು ಮಾಡಿದೆ. ದಿನಕ್ಕೆ ನಾಲ್ಕು ಸಲ, ಅದೂ ಜೀವನಪೂರ್ತಿ ಎಂದರೆ ಬೇಸರ ಬಾರದೆ ಇರುತ್ತದಾ? ನನಗೂ ಬರುತ್ತದೆ, ಈಗಲೂ. ಆದರೆ ಆ ಬೇಸರಕ್ಕೆ ಫಲವಿದೆ. ಅಮೆರಿಕ, ಕೆನಡಾಗಳಲ್ಲಿ ನಮ್ಮಂಥ 1441 ಮಂದಿಯನ್ನು ವರ್ಷಗಟ್ಟಲೆ ನೋಡಿದ ಅಧ್ಯಯನ 1993ರಲ್ಲಿ ಹೊರಬಂತು. ದಿನಕ್ಕೆ ಮೂರೋ ನಾಲ್ಕೋ ಸಲ ಚುಚ್ಚಿಕೊಂಡು, ಇಲ್ಲವೇ ಪಂಪ್ ಹಾಕಿಕೊಂಡು ಸಕ್ಕರೆಯನ್ನು ಬಿಗಿಯಾಗಿ ಇಟ್ಟುಕೊಂಡವರಲ್ಲಿ ಕಣ್ಣಿನ ತೊಂದರೆ ಶುರುವಾಗುವುದು ಉಳಿದವರಿಗಿಂತ ಶೇ. 76ರಷ್ಟು ಕಡಿಮೆಯಾಗಿತ್ತು. ಸಕ್ಕರೆ ವಿಪರೀತ ಇಳಿಯುವುದು ಮೂರು ಪಟ್ಟು ಹೆಚ್ಚಿತ್ತು ಎಂಬುದನ್ನೂ ಮುಚ್ಚಿಡುವುದಿಲ್ಲ. ಆಗ ಈಗಿನ ಏರಿಳಿತವಿಲ್ಲದ ಹಿನ್ನೆಲೆ ಇನ್ಸುಲಿನ್ ಇರಲಿಲ್ಲ, ನಿನಗೆ ಇದೆ. ಇಳಿದಾಗ ಮಾತ್ರ ನಮ್ಮ ಪುತ್ತೂರಿನ ಕ್ಯಾಂಪ್ಕೋ ಚಾಕಲೇಟಿಗೆ ಕೈ ಹಾಕಬೇಡ, ಅದರ ಕೊಬ್ಬು ಸಕ್ಕರೆಯನ್ನು ತಡೆಯುತ್ತದೆ. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡು.

ಏರಿಸಿದ ಯುನಿಟ್ಟಿನ ವಿಷಯ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಹೇಳು, ರಾತ್ರಿಯಾಗುವ ಮೊದಲು. ಹಲಸು ಹಣ್ಣಾಗುತ್ತಿದೆ, ರಜೆ ಹಾಕಿ ಬಾ. ಎಷ್ಟು ನೀರುದೋಸೆಗೆ ಎಷ್ಟು ಯುನಿಟ್ ಅಂತ ಇಬ್ಬರೂ ಕೂತು ನೋಡುವ. ಬರುವಾಗ ನಿನ್ನ ಮೀಟರ್ ತಾ, ನನ್ನ ಸ್ಟ್ರಿಪ್ಪು ಮುಗಿಯುತ್ತಾ ಬಂತು.

ನಿನ್ನ ದೊಡ್ಡಮ್ಮ